ಟೋಕಿಯೋದ ಕತ್ತಿಗಳ ಮ್ಯೂಸಿಯಂನಲ್ಲಿ ಅರ್ಧ ದಿನ

ಟೋಕಿಯೋಗೆ ಆಫೀಸ್ ಕೆಲಸದ ಮೇಲೆ ಹೋಗುವ ನಮ್ಮವರ ಲಿಸ್ಟ್ ಹೆಚ್ಚುಕಡಿಮೆ ಒಂದೇ ಥರ ಇರುತ್ತೆ. ಶಿಬುಯಾ ಕ್ರಾಸಿಂಗ್‌ನಲ್ಲಿ ಒಂದು ವಿಡಿಯೊ, ಅಸಕುಸಾ ದೇವಸ್ಥಾನದ ಮುಂದೆ ಒಂದು ಸೆಲ್ಫಿ, ಅಕಿಹಬಾರಾದಲ್ಲಿ ಒಂದಿಷ್ಟು ಎಲೆಕ್ಟ್ರಾನಿಕ್ಸ್, ಮೋಡ ಇಲ್ಲದಿದ್ದರೆ ಫುಜಿ ಪರ್ವತ. ನನ್ನ ಹತ್ತಿರವೂ ಅದೇ ಲಿಸ್ಟ್ ಇತ್ತು. ಮೂರು ವಾರದ ಟ್ರಿಪ್‌ನಲ್ಲಿ ಎರಡು ಶನಿವಾರ ರಿಲೀಸ್ ಕೆಲಸಕ್ಕೇ ಹೋದವು. ಉಳಿದ ಒಂದು ಶನಿವಾರದ ಅರ್ಧ ದಿನವನ್ನು ಕತ್ತಿಗಳಿಗೆ ಕೊಟ್ಟೆ.

"ಅಷ್ಟು ದೂರ ಹೋಗಿ ದುಡ್ಡು ಕೊಟ್ಟು ಕತ್ತಿ ನೋಡ್ತೀಯೇನೋ? ನಮ್ಮ ಕೊಟ್ಟಿಗೇಲೇ ನಾಲ್ಕು ನೇತಾಡ್ತಿವೆಯಲ್ಲ" ಅಂತ ಅಮ್ಮ ಫೋನಲ್ಲಿ ನಕ್ಕರು. ಅವರ ಪ್ರಶ್ನೆ ತಮಾಷೆಯದ್ದೇ. ಆದರೆ ಮ್ಯೂಸಿಯಂ ಒಳಗೆ ಓಡಾಡುವಾಗಲೆಲ್ಲ ಆ ಕೊಟ್ಟಿಗೆಯ ಕತ್ತಿಗಳು ನನ್ನ ತಲೆಯಲ್ಲೇ ಇದ್ದವು. ಯಾಕೆ ಅಂತ ಮುಂದೆ ಹೇಳ್ತೀನಿ.

ಸುಮೋ ಊರಿನ ಪಕ್ಕದಲ್ಲಿ

ಅಕಿಹಬಾರಾದಿಂದ ಸೋಬು ಲೈನ್ ರೈಲು ಹತ್ತಿದರೆ ಎರಡನೇ ಸ್ಟೇಷನ್ ರ್‍ಯೋಗೊಕು. ಇದು ಸುಮೋ ಪೈಲ್ವಾನರ ಏರಿಯಾ. ಸ್ಟೇಷನ್‌ನಿಂದ ಹೊರಗೆ ಬಂದ ಕೂಡಲೇ ಕೊಕುಗಿಕಾನ್ ಅನ್ನೋ ದೊಡ್ಡ ಸುಮೋ ಅಖಾಡ ಕಾಣುತ್ತೆ. ತೆಳುವಾದ ಕಿಮೋನೊ ಉಟ್ಟು, ತಲೆಗೂದಲು ಎತ್ತಿ ಕಟ್ಟಿದ ಪೈಲ್ವಾನನೊಬ್ಬ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಸೈಕಲ್‌ನಲ್ಲಿ ಹೋಗ್ತಿದ್ದ. ಅಲ್ಲಿಂದ ಏಳೆಂಟು ನಿಮಿಷ ನಡೆದರೆ ಹಳೇ ಯಾಸುದಾ ತೋಟ. ಆ ತೋಟಕ್ಕೆ ಅಂಟಿಕೊಂಡೇ ಇದೆ ಜಪಾನಿ ಕತ್ತಿಗಳ ಮ್ಯೂಸಿಯಂ. ಜಪಾನಿ ಭಾಷೆಯಲ್ಲಿ ತೋಕೆನ್ ಹಕುಬುತ್ಸುಕಾನ್.

ಕಟ್ಟಡ ಹೊಸದು. ಈ ಮ್ಯೂಸಿಯಂ 1968ರಿಂದ ಯೊಯೊಗಿ ಅನ್ನೋ ಕಡೆ ಇತ್ತು, 2018ರ ಜನವರಿಯಲ್ಲಿ ಇಲ್ಲಿಗೆ ಬಂತು. ವಿನ್ಯಾಸ ಮಾಡಿದವರು ಜಪಾನಿನ ಹೆಸರಾಂತ ವಾಸ್ತುಶಿಲ್ಪಿ ಫುಮಿಹಿಕೊ ಮಾಕಿ. ಕೆಳಗಿನ ಮಹಡಿಯಲ್ಲಿ ಪರಿಚಯದ ಫಲಕಗಳು ಮತ್ತು ಒಂದು ಸಣ್ಣ ಅಂಗಡಿ. ಮೂರನೇ ಮಹಡಿಯಲ್ಲಿ ಪ್ರದರ್ಶನ. ಇರೋದು ಅದೊಂದೇ ಹಾಲ್. ವೇಗವಾಗಿ ನಡೆದರೆ ಹದಿನೈದು ನಿಮಿಷದಲ್ಲಿ ಮುಗಿಸಿಬಿಡಬಹುದು. ನಾನು ಮೂರು ಗಂಟೆ ಅಲ್ಲೇ ಇದ್ದೆ.

ಬಸ್ಕಿ ಹೊಡೆಯುವ ಪ್ರೇಕ್ಷಕರು

ಒಳಗೆ ಹೋದಾಗ ಮೊದಲು ಗಮನಕ್ಕೆ ಬಂದಿದ್ದು ಕತ್ತಿಗಳಲ್ಲ, ನೋಡುತ್ತಿದ್ದ ಜನ. ಎಲ್ಲರೂ ಗಾಜಿನ ಮುಂದೆ ನಿಂತು ಮಂಡಿ ಬಗ್ಗಿಸೋದು, ಏಳೋದು, ಎಡಕ್ಕೆ ವಾಲೋದು, ಬಲಕ್ಕೆ ವಾಲೋದು. ಶಾಲೆಯಲ್ಲಿ ಮೇಷ್ಟ್ರು ಬಸ್ಕಿ ಹೊಡೆಸುವ ಹಾಗೆ. ನಾನು ನೆಟ್ಟಗೆ ನಿಂತು ನೋಡುತ್ತಿದ್ದೆ. ಕಂಡಿದ್ದು ಬರೀ ಹೊಳೆಯುವ ಲೋಹ.

ಪಕ್ಕದಲ್ಲಿದ್ದ ಒಬ್ಬ ಅಜ್ಜ ನನ್ನನ್ನು ನೋಡಿ, ಏನೂ ಮಾತಾಡದೆ, ಅಂಗೈ ಕೆಳಗೆ ಮಾಡಿ 'ಇನ್ನೂ ಕೆಳಗೆ, ಇನ್ನೂ ಕೆಳಗೆ' ಅಂತ ಸನ್ನೆ ಮಾಡಿದರು. ಮಂಡಿ ಬಗ್ಗಿಸಿದೆ. ಮೇಲಿನ ಸಣ್ಣ ಲೈಟಿನ ಬೆಳಕು ಅಲಗಿನ ಮೇಲೆ ಜಾರಿ ಒಂದು ಕೋನಕ್ಕೆ ಬಂದಾಗ, ಇಷ್ಟು ಹೊತ್ತು ಕಾಣದ ಒಂದು ಬಿಳಿ ಗೆರೆ ಕತ್ತಿಯ ಉದ್ದಕ್ಕೂ ಎದ್ದು ಬಂತು. ಕೆರೆಯ ಮೇಲಿನ ಬೆಳಗಿನ ಮಂಜಿನ ಹಾಗೆ. ನಾನು "ಓಹ್" ಅಂದೆ. ಅಜ್ಜ ತಲೆಯಾಡಿಸಿ ಮುಂದಿನ ಕತ್ತಿಗೆ ಹೋದರು.

ಆ ಬಿಳಿ ಗೆರೆಯ ಹೆಸರು ಹಾಮೊನ್. ಕತ್ತಿಯ ಬಾಯಿ ಕಡೆಯ ಗಟ್ಟಿ ಉಕ್ಕು ಮತ್ತು ಬೆನ್ನಿನ ಕಡೆಯ ಮೆತ್ತನೆ ಉಕ್ಕು ಸೇರುವ ಗಡಿ ಅದು. ಕೆಲವದರಲ್ಲಿ ಸ್ಕೇಲ್ ಇಟ್ಟು ಎಳೆದ ಹಾಗೆ ನೇರ, ಕೆಲವದರಲ್ಲಿ ಅಲೆ ಅಲೆ. ಬಿಜೆನ್ ಸೀಮೆಯ ಹಳೇ ಕತ್ತಿಗಳಲ್ಲಿ ಸಾಲಾಗಿ ಮೊಗ್ಗು ಜೋಡಿಸಿದ ಹಾಗೆ. ಆ ಮೊಗ್ಗಿನ ವಿನ್ಯಾಸಕ್ಕೆ ಜಪಾನಿಗರು ಇಟ್ಟ ಹೆಸರು ಚೋಜಿ, ಅಂದರೆ ಲವಂಗ! ನಮ್ಮ ಅಡುಗೆಮನೆಯ ಅದೇ ಲವಂಗ. ಕತ್ತಿಗೆ ತುಕ್ಕು ಹಿಡಿಯದಂತೆ ಸವರುವ ಸಾಂಪ್ರದಾಯಿಕ ಎಣ್ಣೆಗೂ ಅದೇ ಹೆಸರು, ಚೋಜಿ ಎಣ್ಣೆ.

ನೋಡುವುದಕ್ಕೆ ಒಂದು ಕ್ರಮ ಇದೆ. ಮೊದಲು ಇಡೀ ಕತ್ತಿಯ ಆಕಾರ. ಅದು ಕಾಲ ಹೇಳುತ್ತೆ. ಕುದುರೆ ಮೇಲೆ ಕೂತು ಬೀಸುವ ಕಾಲದ ತಾಚಿ ಉದ್ದ, ಬಾಗು ಜಾಸ್ತಿ. ನೆಲದ ಮೇಲೆ ನಿಂತು ಸೆಣಸುವ ಕಾಲ ಬಂದಾಗ ಬಂದ ಕತಾನಾ ಚಿಕ್ಕದು. ಸೊಂಟದ ಪಟ್ಟಿಯಿಂದ ಎಳೆಯುವಾಗಲೇ ಹೊಡೆಯಲು ಅನುಕೂಲ ಆಗಲಿ ಅಂತ ಅದರ ಬಾಯಿ ಮೇಲ್ಮುಖ. ಆಮೇಲೆ ಲೋಹದ ಮೈ. ಹತ್ತಿರದಿಂದ ನೋಡಿದರೆ ಮರದ ಹಲಗೆಯ ಗೆರೆಗಳಂಥ ಗೆರೆಗಳು ಕಾಣುತ್ತವೆ. ಅದು ಊರು, ಪರಂಪರೆ ಹೇಳುತ್ತೆ. ಕೊನೆಗೆ ಹಾಮೊನ್. ಅದು ಮಾಡಿದವನ ಕೈ ಹೇಳುತ್ತೆ. ಕಾಲ, ಊರು, ಕೈ. ನಮ್ಮ ಕೋಡ್‌ನಲ್ಲಿ ಯಾರು, ಯಾವಾಗ ಈ ಸಾಲು ಬರೆದರು ಅಂತ ಹುಡುಕೋದಕ್ಕೆ ನಾವು ಕಮ್ಯಾಂಡ್ ಹೊಡೀತೀವಿ. ಇವರು ಮಂಡಿ ಬಗ್ಗಿಸ್ತಾರೆ.

ಒರೆಸದ ತುಕ್ಕು

ಸಿನಿಮಾದಲ್ಲಿ ನಾವು ನೋಡುವ ಸಮುರಾಯ್ ಕತ್ತಿಗೆ ದಾರ ಸುತ್ತಿದ ಹಿಡಿ, ಮಿರಿಮಿರಿ ಒರೆ ಇರುತ್ತೆ. ಇಲ್ಲಿ ಹೆಚ್ಚಿನ ಕತ್ತಿಗಳು ಬರಿಮೈಯಲ್ಲಿ ಬಿಳಿ ಬಟ್ಟೆಯ ಮೇಲೆ ಮಲಗಿರುತ್ತವೆ. ಹಿಡಿ ಬಿಚ್ಚಿಟ್ಟಿರುವುದರಿಂದ ಹಿಡಿಯೊಳಗೆ ಹೋಗುವ ಬುಡವೂ ಕಾಣುತ್ತೆ. ಇಡೀ ಅಲಗು ಕನ್ನಡಿಯಂತೆ ಹೊಳೆಯುತ್ತಿದ್ದರೆ ಆ ಬುಡ ಮಾತ್ರ ಕಪ್ಪು ತುಕ್ಕು.

ಅಷ್ಟು ಕಾಳಜಿಯಿಂದ ನೋಡಿಕೊಳ್ಳುವವರು ಅದನ್ನು ಯಾಕೆ ಒರೆಸಿಲ್ಲ? ಉದ್ದೇಶಪೂರ್ವಕವಾಗಿಯೇ ಬಿಟ್ಟಿರೋದು. ಸಾಣೆ ಹಿಡಿಯುವವರು ಬುಡವನ್ನು ಮುಟ್ಟಲ್ಲ. ಆ ತುಕ್ಕಿನ ಬಣ್ಣ, ಆಳ ನೋಡಿಯೇ ಕತ್ತಿಗೆ ಎಷ್ಟು ವಯಸ್ಸು ಅಂತ ಅಂದಾಜು ಮಾಡೋದು. ಕಮ್ಮಾರ ತನ್ನ ಹೆಸರು ಕೆತ್ತುವುದೂ ಅಲ್ಲೇ. ಊರು, ಹೆಸರು, ಕೆಲವೊಮ್ಮೆ ಇಸವಿ, ತಿಂಗಳು. ಏಳುನೂರು ವರ್ಷದ ಹಿಂದೆ ಬಿಜೆನ್‌ನ ಒಸಾಫುನೆ ಊರಿನಲ್ಲಿ ಕೂತಿದ್ದ ಒಬ್ಬ ಕಮ್ಮಾರನ ಹೆಸರು ಇವತ್ತಿಗೂ ಓದುವ ಹಾಗಿದೆ. ತುಕ್ಕು ಉಜ್ಜಿ ಹೊಳಪು ಮಾಡಿದರೆ ಕತ್ತಿಯ ಬೆಲೆಯೂ ಹೋಯ್ತು, ಗುರುತೂ ಹೋಯ್ತು.

ಎಲ್ಲ ಬುಡಗಳ ಮೇಲೂ ಬರೀ ಹೆಸರು ಇರುತ್ತೆ ಅಂದುಕೊಳ್ಳಬೇಡಿ. ಎದೊ ಕಾಲದ ಕೆಲವು ಕತ್ತಿಗಳ ಬುಡದಲ್ಲಿ ಚಿನ್ನದ ಅಕ್ಷರ ಕೂರಿಸಿರುತ್ತಾರೆ. ಆ ಕತ್ತಿ ಎಷ್ಟು ದೇಹಗಳನ್ನು ಒಂದೇ ಏಟಿಗೆ ಕತ್ತರಿಸಿತು ಅನ್ನೋ ಪರೀಕ್ಷೆಯ ಫಲಿತಾಂಶ ಅದು. ಮರಣದಂಡನೆ ಆದ ಕೈದಿಗಳ ಶವಗಳ ಮೇಲೆ ಆ ಪರೀಕ್ಷೆ ನಡೆಯುತ್ತಿತ್ತು, ಅದಕ್ಕೇ ಅಂತ ಪರೀಕ್ಷಕರು ಇದ್ದರು. ಇದನ್ನು ತಿಳಿದ ಮೇಲೆ ಹಾಮೊನ್‌ನ ಮಂಜನ್ನು ಮೊದಲಿನಷ್ಟು ಹಗುರವಾಗಿ ನೋಡೋಕೆ ನನಗಾಗಲಿಲ್ಲ. ಇವು ಚಂದ ಇರೋದು ನಿಜ. ಮನುಷ್ಯರನ್ನು ಕಡಿಯೋಕೆ ಮಾಡಿದ್ದು ಅನ್ನೋದೂ ಅಷ್ಟೇ ನಿಜ. ಇಷ್ಟು ಶಾಂತವಾದ ಹಾಲ್‌ನಲ್ಲಿ ಎರಡನೆಯದನ್ನು ಮರೆಯುವುದು ಸುಲಭ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಷ್ಟದ ಮರಳಿನಿಂದ ಬಂದ ಉಪಾಯ

ಜಪಾನಿ ಕತ್ತಿಯ ಬಗ್ಗೆ ಯೂಟ್ಯೂಬ್‌ನಲ್ಲಿ ಒಂದು ಮಾತು ಓಡಾಡುತ್ತೆ: ಸಾವಿರಾರು ಸಲ ಮಡಚಿ ಮಾಡಿದ್ದು, ಜಗತ್ತಿನಲ್ಲೇ ಶ್ರೇಷ್ಠ ಉಕ್ಕು ಅಂತ. ವಿಷಯ ಬೇರೆಯೇ ಇದೆ, ಮತ್ತು ನನ್ನ ಕಣ್ಣಿಗೆ ಅದೇ ಹೆಚ್ಚು ಚಂದ.

ಜಪಾನಿನ ಕತ್ತಿ ಉಕ್ಕಿಗೆ ಮೂಲ ಕಬ್ಬಿಣದ ಮರಳು. ಅದನ್ನು 'ತತಾರಾ' ಅನ್ನೋ ಮಣ್ಣಿನ ಕುಲುಮೆಯಲ್ಲಿ ಇದ್ದಿಲಿನ ಜೊತೆ ಮೂರು ಹಗಲು ಮೂರು ರಾತ್ರಿ ಬೇಯಿಸುತ್ತಾರೆ. ಒಂದು ಸಲಕ್ಕೆ ಸುಮಾರು 10 ಟನ್ ಮರಳು, 12 ಟನ್ ಇದ್ದಿಲು. ಕೊನೆಗೆ ಕುಲುಮೆಯನ್ನೇ ಒಡೆದು ಒಳಗಿನ ಗಟ್ಟಿಯನ್ನು ಹೊರಗೆ ಎಳೆಯುತ್ತಾರೆ. ಅದು ಸುಮಾರು ಎರಡೂವರೆ ಟನ್. ಅದರಲ್ಲಿ ಕತ್ತಿಗೆ ಆಗುವಂಥ 'ತಮಹಗಾನೆ' ಉಕ್ಕು ಸಿಗೋದು ಒಂದು ಪಾಲು ಮಾತ್ರ. 'ಪ್ರಿನ್ಸೆಸ್ ಮೊನೊನೊಕೆ' ಸಿನಿಮಾ ನೋಡಿದ್ದರೆ ಹೆಂಗಸರು ಸರದಿ ಮೇಲೆ ತಿದಿ ತುಳಿಯುವ ದೃಶ್ಯ ನೆನಪಿರಬಹುದು. ಅದೇ ತತಾರಾ.

ಹೀಗೆ ಬಂದ ಉಕ್ಕು ಒಂದೇ ಸಮ ಇರಲ್ಲ. ಒಂದು ಕಡೆ ಇಂಗಾಲ ಜಾಸ್ತಿ, ಇನ್ನೊಂದು ಕಡೆ ಕಮ್ಮಿ, ನಡುನಡುವೆ ಕಿಟ್ಟ. ಅದಕ್ಕೇ ಕಾಯಿಸಿ, ತಟ್ಟಿ, ಮಡಚಿ, ಮತ್ತೆ ತಟ್ಟೋದು. ಚಪಾತಿ ಹಿಟ್ಟನ್ನು ನಾದಿ ನಾದಿ ಒಂದು ಹದಕ್ಕೆ ತರುವ ಹಾಗೆ. ಸಾವಿರ ಸಲ ಅಲ್ಲ, ಹತ್ತು ಹದಿನೈದು ಸಲ. ಆದರೆ ಪ್ರತಿ ಮಡಿಕೆಗೂ ಪದರ ಎರಡರಷ್ಟಾಗುತ್ತೆ. 15 ಮಡಿಕೆಗೆ 32,768 ಪದರ. ಅಂದರೆ ಈ ಮಡಚುವಿಕೆ ಶ್ರೇಷ್ಠ ವಸ್ತುವಿನ ಲಕ್ಷಣ ಅಲ್ಲ. ಸಿಕ್ಕ ವಸ್ತುವಿನ ಕೊರತೆ ನೀಗಿಸೋಕೆ ಕಂಡುಕೊಂಡ ಉಪಾಯ. ನಮ್ಮ ಆಫೀಸ್ ಭಾಷೆಯಲ್ಲಿ ವರ್ಕ್ಅರೌಂಡ್. ಶತಮಾನಗಳ ಕಾಲ ತಿದ್ದಿ ತಿದ್ದಿ ಕಲೆಯ ಮಟ್ಟಕ್ಕೆ ಏರಿದ ವರ್ಕ್ಅರೌಂಡ್.

ಕೊನೆಯ ಹಂತ ಹದ ಹಾಕೋದು. ಅಲಗಿನ ಬೆನ್ನಿಗೆ ದಪ್ಪಗೆ, ಬಾಯಿಗೆ ತೆಳ್ಳಗೆ ಜೇಡಿಮಣ್ಣು ಮೆತ್ತಿ, ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ತೆಳ್ಳಗೆ ಮೆತ್ತಿದ ಕಡೆ ಥಟ್ಟನೆ ಆರಿ ಗಟ್ಟಿಯಾಗುತ್ತೆ, ಗಟ್ಟಿಯಾಗುವಾಗ ಸ್ವಲ್ಪ ಹಿಗ್ಗುತ್ತೆ. ಬೆನ್ನಿನ ಕಡೆ ನಿಧಾನಕ್ಕೆ ಆರಿ ಮೆತ್ತಗೆ ಉಳಿಯುತ್ತೆ. ಈ ಎಳೆದಾಟದಲ್ಲಿ ಕತ್ತಿ ಬಾಗುತ್ತೆ. ಅಂದರೆ ಆ ಬಾಗಿನ ಒಂದು ಪಾಲು ಸುತ್ತಿಗೆಯಿಂದ ಬಂದಿದ್ದಲ್ಲ, ನೀರಲ್ಲಿ ಹುಟ್ಟಿದ್ದು. ಇದೇ ಕ್ಷಣದಲ್ಲಿ ಕತ್ತಿ ಬಿರುಕು ಬಿಡುವುದೂ ಉಂಟು. ಬಿಟ್ಟರೆ ವಾರಗಟ್ಟಲೆ ಮಾಡಿದ ಕೆಲಸ ಅಲ್ಲಿಗೇ ಮುಗೀತು. ಹಿಂದಿನ ವರ್ಷನ್‌ಗೆ ವಾಪಸ್ ಹೋಗೋ ಬಟನ್ ಇಲ್ಲ.

1945: ಕತ್ತಿಗಳಿಗೆ ಬಂದ ಕುತ್ತು

ಇಲ್ಲಿಯವರೆಗೆ ಹೇಳಿದ್ದೆಲ್ಲ ಹಳೇ ಕಥೆಯಂತೆ ಕೇಳಿಸಬಹುದು. ಈ ಕಸುಬು ಎರಡು ಸಲ ಸಾಯುವ ಹಂತಕ್ಕೆ ಹೋಗಿತ್ತು. ಮೊದಲ ಸಲ 1876ರಲ್ಲಿ. ಸಾರ್ವಜನಿಕವಾಗಿ ಕತ್ತಿ ಧರಿಸಬಾರದು ಅಂತ ಮೇಜಿ ಸರ್ಕಾರ ಆದೇಶ ಹೊರಡಿಸಿತು. ಕಮ್ಮಾರರಿಗೆ ಗಿರಾಕಿಗಳೇ ಇಲ್ಲದಾಯ್ತು. ಹಲವರು ಅಡುಗೆ ಚಾಕು, ಕೃಷಿ ಸಾಮಾನು ಮಾಡೋಕೆ ಇಳಿದರು.

ಎರಡನೇ ಸಲ 1945ರಲ್ಲಿ, ಯುದ್ಧದಲ್ಲಿ ಸೋತ ಮೇಲೆ. ಜಪಾನಿ ಸೇನೆಯ ಅಧಿಕಾರಿಗಳು ಏಷ್ಯಾದ ಉದ್ದಗಲಕ್ಕೂ ಸೊಂಟದಲ್ಲಿ ಕತ್ತಿ ಕಟ್ಟಿಕೊಂಡೇ ಹೋಗಿದ್ದವರು. ಆಕ್ರಮಣಕ್ಕೆ ಒಳಗಾದ ಊರುಗಳಲ್ಲಿ ಆ ಕತ್ತಿಯ ನೆನಪು ಒಳ್ಳೆಯದಲ್ಲ. ಗೆದ್ದ ಅಮೆರಿಕನ್ ಸೇನೆಗೆ ಅದು ಆಯುಧ, ಅಷ್ಟೇ. ಮನೆಮನೆಯ ಕತ್ತಿಗಳನ್ನೂ ಒಪ್ಪಿಸಬೇಕು ಅಂತ ಆಜ್ಞೆ ಆಯ್ತು. ಲಕ್ಷಗಟ್ಟಲೆ ಕತ್ತಿ ಹೋದವು. ಕೆಲವು ನಾಶವಾದವು, ಕೆಲವು ಸೈನಿಕರ ಬ್ಯಾಗಿನಲ್ಲಿ ನೆನಪಿನ ಕಾಣಿಕೆಯಾಗಿ ಸಮುದ್ರ ದಾಟಿದವು. ತೊಕುಗಾವಾ ಮನೆತನದಲ್ಲಿದ್ದ, ಮಾಸಾಮುನೆ ಅನ್ನೋ ಮಹಾ ಕಮ್ಮಾರನದು ಎನ್ನುವ 'ಹೊಂಜೊ ಮಾಸಾಮುನೆ' ಅನ್ನು ಆಗ ಟೋಕಿಯೋದ ಒಂದು ಪೊಲೀಸ್ ಠಾಣೆಗೆ ಒಪ್ಪಿಸಲಾಯಿತು ಅಂತಾರೆ. ಅದು ಇವತ್ತಿಗೂ ಪತ್ತೆಯಿಲ್ಲ.

ಆಗ ಕೆಲವು ತಜ್ಞರು ಆಕ್ರಮಿತ ಆಡಳಿತದ ಅಧಿಕಾರಿಗಳ ಮುಂದೆ ಒಂದು ವಾದ ಇಟ್ಟರು: ಎಲ್ಲ ಕತ್ತಿಯೂ ಆಯುಧ ಅಲ್ಲ, ಇವುಗಳಲ್ಲಿ ಕಲಾಕೃತಿಗಳೂ ಇವೆ, ಬೇರೆ ಮಾಡಿ ನೋಡಿ ಅಂತ. ಹೊನ್ಮಾ ಜುಂಜಿ ಅವರಲ್ಲಿ ಮುಖ್ಯರು. ವಾದ ಗೆದ್ದಿತು. ಕಲಾತ್ಮಕ ಮೌಲ್ಯದ ಕತ್ತಿಗಳನ್ನು ಪರೀಕ್ಷಿಸಿ ಉಳಿಸಿಕೊಳ್ಳಲು ಅವಕಾಶ ಸಿಕ್ಕಿತು. 1948ರಲ್ಲಿ ಜಪಾನಿ ಕಲಾ ಖಡ್ಗಗಳ ಸಂರಕ್ಷಣಾ ಸಂಘ ಶುರುವಾಯ್ತು. ನಾನು ನಿಂತಿದ್ದ ಮ್ಯೂಸಿಯಂ ನಡೆಸುವುದು ಅದೇ ಸಂಘ.

ಯೋಚನೆ ಮಾಡಿ. ಕತ್ತಿ ಉಳಿಯಬೇಕಾದರೆ ಅದು ಕತ್ತಿಯಾಗಿ ಇರಬಾರದು ಅನ್ನೋ ಷರತ್ತು. ಇವತ್ತಿಗೂ ಜಪಾನಿನಲ್ಲಿ ಪ್ರತಿ ಕತ್ತಿಗೂ ನೋಂದಣಿ ಪತ್ರ ಇರಬೇಕು. ಅದನ್ನು ಕೊಡೋದು ಪೊಲೀಸರಲ್ಲ, ಆಯಾ ಪ್ರಾಂತ್ಯದ ಶಿಕ್ಷಣ ಮಂಡಳಿ. ಪತ್ರ ಇರೋದು ಮಾಲೀಕನ ಹೆಸರಿಗಲ್ಲ, ಕತ್ತಿಗೆ. ಪಾಸ್‌ಪೋರ್ಟ್ ಥರ.

ಉಳಿಸಿದ್ದು ಏನನ್ನು?

ಹಳೇ ಕತ್ತಿಗಳನ್ನು ಗಾಜಿನೊಳಗೆ ಇಟ್ಟು ಬೀಗ ಹಾಕಿದ್ದರೆ ಕಥೆ ಅಲ್ಲಿಗೇ ಮುಗೀತಿತ್ತು. ಇವರು ಅಲ್ಲಿಗೆ ನಿಲ್ಲಿಸಲಿಲ್ಲ.

ಯುದ್ಧ ಮುಗಿದಾಗ ಕತ್ತಿಗೆ ಉಕ್ಕು ಕೊಡುತ್ತಿದ್ದ ತತಾರಾ ಕುಲುಮೆಯೂ ಆರಿತ್ತು. ಇದ್ದಬದ್ದ ತಮಹಗಾನೆ ವರ್ಷದಿಂದ ವರ್ಷಕ್ಕೆ ಖಾಲಿಯಾಗುತ್ತಾ ಬಂತು. ಬೇರೆ ಉಕ್ಕು ಜಪಾನಿನಲ್ಲಿ ಬೇಕಾದಷ್ಟಿತ್ತು, ಆದರೆ ಅದರಿಂದ ಈ ಕತ್ತಿ ಆಗಲ್ಲ. 1977ರಲ್ಲಿ ಇದೇ ಸಂಘ ಶಿಮಾನೆ ಪ್ರಾಂತ್ಯದ ಒಕುಇಜುಮೊ ಬೆಟ್ಟಗಳ ನಡುವೆ ತತಾರಾವನ್ನು ಮತ್ತೆ ಹೊತ್ತಿಸಿತು. ಹಳೇ ಕೆಲಸ ಗೊತ್ತಿದ್ದ ಹಿರಿಯರು ಇನ್ನೂ ಬದುಕಿದ್ದರು, ಅದೇ ಪುಣ್ಯ. ಇನ್ನೊಂದು ಇಪ್ಪತ್ತು ವರ್ಷ ತಡವಾಗಿದ್ದರೆ ಕೇಳೋಕೆ ಯಾರೂ ಇರುತ್ತಿರಲಿಲ್ಲವೇನೋ. ಈಗಲೂ ಚಳಿಗಾಲದಲ್ಲಿ ಅಲ್ಲಿ ಕುಲುಮೆ ಉರಿಯುತ್ತೆ. ಬಂದ ಉಕ್ಕು ದೇಶದ ಕತ್ತಿ ಕಮ್ಮಾರರಿಗೆ ಹಂಚಿಕೆಯಾಗುತ್ತೆ.

ಕಮ್ಮಾರನಾಗೋದೂ ಸುಲಭ ಅಲ್ಲ. ಲೈಸೆನ್ಸ್ ಇರುವ ಗುರುವಿನ ಕೈಕೆಳಗೆ ಕನಿಷ್ಠ ಐದು ವರ್ಷ ಕಲಿಯಬೇಕು. ಆಮೇಲೆ ಸರ್ಕಾರದ ಸಂಸ್ಕೃತಿ ಇಲಾಖೆ ನಡೆಸುವ ತರಬೇತಿ ಮುಗಿಸಬೇಕು. 'ಇದ್ದಿಲು ಕೊಚ್ಚೋಕೇ ಮೂರು ವರ್ಷ' ಅನ್ನೋ ಗಾದೆ ಅವರಲ್ಲಿದೆ. ಲೈಸೆನ್ಸ್ ಬಂದ ಮೇಲೂ ತಿಂಗಳಿಗೆ ಎರಡಕ್ಕಿಂತ ಹೆಚ್ಚು ಉದ್ದ ಕತ್ತಿ ಮಾಡುವ ಹಾಗಿಲ್ಲ. ಗುಣಮಟ್ಟ ಕೆಡಬಾರದು ಅಂತ.

ಇಷ್ಟಾದರೂ ಒಬ್ಬ ಕಮ್ಮಾರನಿಂದ ಕತ್ತಿ ಪೂರ್ತಿ ಆಗಲ್ಲ. ಸಾಣೆ ಹಿಡಿಯುವವರು ಬೇರೆ. ಒಂದರ ನಂತರ ಒಂದು ಕಲ್ಲು ಬದಲಿಸುತ್ತಾ, ಕೊನೆಗೆ ಹಪ್ಪಳಕ್ಕಿಂತ ತೆಳ್ಳಗಿನ ಕಲ್ಲಿನ ಚೂರನ್ನು ಹೆಬ್ಬೆರಳ ಕೆಳಗಿಟ್ಟು ಉಜ್ಜುತ್ತಾರೆ. ನಾನು ಕಂಡ ಆ ಮಂಜಿನ ಗೆರೆ ಕಣ್ಣಿಗೆ ಬೀಳೋದು ಇವರಿಂದಲೇ. ಒರೆ ಮಾಡುವವರು ಬೇರೆ. ಒರೆಯ ಎರಡು ಹೋಳುಗಳನ್ನು ಅನ್ನ ಅರೆದು ಮಾಡಿದ ಅಂಟಿನಿಂದ ಅಂಟಿಸುತ್ತಾರೆ! ಚಿಕ್ಕಂದಿನಲ್ಲಿ ನಾವು ಗಾಳಿಪಟಕ್ಕೆ, ಲಕೋಟೆಗೆ ಅನ್ನದ ಅಗುಳು ಹಚ್ಚುತ್ತಿದ್ದೆವಲ್ಲ, ಹಾಗೇ. ಕಾರಣವೂ ಇದೆ. ಮುಂದೆ ಯಾವತ್ತೋ ಒರೆಯ ಒಳಗೆ ಕ್ಲೀನ್ ಮಾಡಬೇಕಾದಾಗ ಮರ ಸೀಳದೆ ಬಿಡಿಸಬಹುದು. ನೂರು ವರ್ಷದ ನಂತರ ರಿಪೇರಿ ಮಾಡುವವನ ಬಗ್ಗೆ ಇವತ್ತೇ ಯೋಚಿಸಿದ್ದಾರೆ. ನಾವು ಬರೆದ ಕೋಡನ್ನು ಆರು ತಿಂಗಳ ನಂತರ ಓದುವವರ ಬಗ್ಗೆ ನಾವು ಅಷ್ಟು ಯೋಚಿಸ್ತೀವಾ?

ಈ ಸಂಘ ಪ್ರತಿವರ್ಷ ಇವತ್ತಿನ ಕುಶಲಕರ್ಮಿಗಳಿಗೆ ಸ್ಪರ್ಧೆ ನಡೆಸುತ್ತೆ. ಕಮ್ಮಾರರಿಗಷ್ಟೇ ಅಲ್ಲ, ಸಾಣೆಯವರಿಗೆ, ಒರೆಯವರಿಗೂ. ಗೆದ್ದ ಕೆಲಸಗಳನ್ನು ಮ್ಯೂಸಿಯಂನಲ್ಲಿ ಇಡ್ತಾರೆ. ಹೀಗೆ ಮರಳಿನಿಂದ ಒರೆಯವರೆಗೆ ಇಡೀ ಸರಪಳಿಗೆ ಕೆಲಸ ಸಿಗುವಂತೆ ನೋಡಿಕೊಂಡಿದ್ದಾರೆ. ಒಂದು ಕೊಂಡಿ ಕಳಚಿದರೂ ಉಳಿದವು ನಿಲ್ಲಲ್ಲ ಅಂತ ಅವರಿಗೆ ಗೊತ್ತು. ಹಾಗಂತ ಎಲ್ಲ ಸುಖವಾಗಿಲ್ಲ. ಐದು ವರ್ಷ ಸರಿಯಾದ ಸಂಬಳ ಇಲ್ಲದೆ ಕಲಿಯೋಕೆ ಬರುವ ಹುಡುಗರು ಕಮ್ಮಿ, ಕಮ್ಮಾರರ ಸಂಖ್ಯೆ ಇಳಿಯುತ್ತಲೇ ಇದೆ.

ಗೇಮ್ ಆಡುವವರು ತಂದ ಮಿಂಚುಹುಳ

ಹಾಲ್‌ನಲ್ಲಿ ಅಜ್ಜಂದಿರಷ್ಟೇ ಇದ್ದರು ಅಂದುಕೊಂಡರೆ ಇಲ್ಲ. ನನ್ನ ವಯಸ್ಸಿನ, ನನಗಿಂತ ಚಿಕ್ಕ ಹುಡುಗಿಯರು ತುಂಬಾ ಇದ್ದರು. ನೋಟ್‌ಬುಕ್ ಹಿಡಿದು ಹಾಮೊನ್ ಬರೆದುಕೊಳ್ಳುತ್ತಿದ್ದರು. ಅದಕ್ಕೆ ಕಾರಣ 2015ರಲ್ಲಿ ಬಂದ 'ತೋಕೆನ್ ರಂಬು' ಅನ್ನೋ ಬ್ರೌಸರ್ ಗೇಮ್. ಅದರಲ್ಲಿ ಇತಿಹಾಸದ ಪ್ರಸಿದ್ಧ ಕತ್ತಿಗಳೆಲ್ಲ ಸುಂದರ ಯುವಕರ ರೂಪದಲ್ಲಿ ಬರುತ್ತವೆ. ಗೇಮ್ ಆಡಿದವರು ತಮ್ಮ ಹೀರೋನ ನಿಜರೂಪ ನೋಡೋಕೆ ಮ್ಯೂಸಿಯಂಗಳಿಗೆ ಬರತೊಡಗಿದರು.

ಇದನ್ನು ಹುಚ್ಚು ಅಂತ ನಗೋದು ಸುಲಭ. ಆದರೆ ಮಿತೊ ತೊಕುಗಾವಾ ಮನೆತನದ ಒಂದು ಕತ್ತಿಯ ಕಥೆ ಕೇಳಿ. ಹೆಸರು ಶೊಕುದೈಕಿರಿ ಮಿತ್ಸುತಾದಾ. 1923ರ ಮಹಾ ಭೂಕಂಪದ ಬೆಂಕಿಯಲ್ಲಿ ಸುಟ್ಟು ಕಪ್ಪಾಗಿ, ಹಾಮೊನ್ ಎಲ್ಲ ಅಳಿಸಿಹೋಗಿತ್ತು. ನೋಡುವಂಥದ್ದೇನೂ ಉಳಿದಿಲ್ಲ ಅಂತ ಅದು ಒಳಗೇ ಇತ್ತು. ಗೇಮ್ ಆಡುವವರು ಪದೇ ಪದೇ ವಿಚಾರಿಸಿದ ಮೇಲೆ 2015ರಲ್ಲಿ ಅದನ್ನು ಪ್ರದರ್ಶನಕ್ಕೆ ಇಟ್ಟರು. ಸುಟ್ಟ ಕತ್ತಿ ನೋಡೋಕೆ ಜನ ಸಾಲು ನಿಂತರು.

ಇನ್ನೊಂದು ಹೊತರುಮಾರು. ಹೊತರು ಅಂದರೆ ಮಿಂಚುಹುಳ. ಯುದ್ಧದಲ್ಲಿ ಬಾಯಿ ಮುಕ್ಕಾದ ಈ ಕತ್ತಿಯ ಮೇಲೆ ಕನಸಿನಲ್ಲಿ ಮಿಂಚುಹುಳಗಳು ಬಂದು ಕೂತವಂತೆ, ಬೆಳಗ್ಗೆ ಎದ್ದು ನೋಡಿದರೆ ಮುಕ್ಕೆಲ್ಲ ಕೂಡಿಕೊಂಡಿತ್ತಂತೆ. ಕುಮಾಮೊತೊದ ಅಸೊ ದೇವಸ್ಥಾನದಲ್ಲಿದ್ದ ಈ ಕತ್ತಿ 1945ರ ಗೊಂದಲದಲ್ಲಿ ಕಾಣೆಯಾಯ್ತು. 2015ರಲ್ಲಿ ಅದರ ಪ್ರತಿರೂಪ ಮಾಡೋಕೆ ಕಮ್ಮಾರರು ಆನ್‌ಲೈನ್‌ನಲ್ಲಿ ಹಣ ಕೇಳಿದಾಗ, ಕೇಳಿದ್ದಕ್ಕಿಂತ ಹಲವು ಪಟ್ಟು ಬಂತು. ಹೊಸ ಹೊತರುಮಾರು 2017ರಲ್ಲಿ ದೇವಸ್ಥಾನ ಸೇರಿತು. ಯಾವ ತಲೆಮಾರಿನ ಪ್ರೀತಿ ಯಾವ ದಾರಿಯಲ್ಲಿ ಬರುತ್ತೋ ಹೇಳೋಕಾಗಲ್ಲ.

ನಮ್ಮ ಉಕ್ಕು

ಕೆಳಗಿನ ಮಹಡಿಯ ಬೆಂಚಿನ ಮೇಲೆ ಕೂತಾಗ ನಮ್ಮ ಕೊಟ್ಟಿಗೆಯ ಕತ್ತಿಗಳು ಮತ್ತೆ ನೆನಪಾದವು.

ಇಂಗ್ಲಿಷಿನಲ್ಲಿ 'ವೂಟ್ಜ್' ಅಂತ ಒಂದು ಪದ ಇದೆ. ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ಉಕ್ಕಿನ ಹೆಸರು. ನಮ್ಮ 'ಉಕ್ಕು' ಪದವೇ ಬಾಯಿಂದ ಬಾಯಿಗೆ ಹೋಗಿ ಹಾಗಾಯ್ತು ಅನ್ನೋದು ಹೆಚ್ಚಿನವರು ಒಪ್ಪುವ ವಿವರಣೆ. ಕಬ್ಬಿಣದ ತುಂಡು, ಮರದ ಚೂರು, ಎಲೆ ಹಾಕಿ ಮಣ್ಣಿನ ಮೂಸೆಯ ಬಾಯಿ ಮುಚ್ಚಿ ಗಂಟೆಗಟ್ಟಲೆ ಕಾಯಿಸುತ್ತಿದ್ದರು. ಆ ಉಕ್ಕಿನ ಗಟ್ಟಿಗಳು ಹಡಗು ಹತ್ತಿ ಪಶ್ಚಿಮ ಏಷ್ಯಾಕ್ಕೆ ಹೋಗಿ, ಮೈಮೇಲೆ ನೀರಿನ ಅಲೆಯಂಥ ಗೆರೆ ಇರುವ ಪ್ರಸಿದ್ಧ ಕತ್ತಿಗಳಾಗುತ್ತಿದ್ದವು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದರ ಮೇಲೆ ಪ್ರಬಂಧ ಬಂತು. ಮೈಕಲ್ ಫ್ಯಾರಡೆಯಂಥ ವಿಜ್ಞಾನಿ 1819ರ ಸುಮಾರಿಗೆ ಇದರ ಗುಟ್ಟು ಹುಡುಕುತ್ತಾ ಕೂತಿದ್ದ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಉಕ್ಕು ಮಾಡುವ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿದ್ದಾನೆ.

ಆಮೇಲೆ ಅಗ್ಗದ ಇಂಗ್ಲಿಷ್ ಉಕ್ಕು ಬಂತು. ಕುಲುಮೆಗಳು ಒಂದೊಂದಾಗಿ ಆರಿದವು. ಇವತ್ತು ಲ್ಯಾಬ್‌ಗಳಲ್ಲಿ ಆ ಉಕ್ಕನ್ನು ಮತ್ತೆ ಮಾಡಿ ನೋಡಿದವರಿದ್ದಾರೆ. ಆದರೆ ಅಪ್ಪನಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಬಂದ ಕೈಯ ದಾರಿ ಕಡಿದುಹೋಯಿತು. ಜಪಾನಿಗರಿಗೆ ಸಮರ್ಥರಾದ ಹಿರಿಯರು ಬದುಕಿರುವಾಗಲೇ ಎಚ್ಚರವಾಯ್ತು. ನಮ್ಮಲ್ಲಿ ಎಚ್ಚರವಾಗುವ ಹೊತ್ತಿಗೆ ಕೇಳೋಕೆ ಯಾರೂ ಇರಲಿಲ್ಲ. ಒಸಾಫುನೆಯ ಕಮ್ಮಾರರ ಹೆಸರು ತುಕ್ಕಿನ ನಡುವೆ ಉಳಿದಿದೆ. ಜಗತ್ತಿಗೆ ಒಂದು ಪದವನ್ನೇ ಕೊಟ್ಟ ನಮ್ಮ ಉಕ್ಕಿನವರ ಒಂದು ಹೆಸರೂ ನಮ್ಮ ಪಠ್ಯಪುಸ್ತಕದಲ್ಲಿ ನಾನು ಓದಿಲ್ಲ. ನಾಲ್ಕು ವರ್ಷ ಎಂಜಿನಿಯರಿಂಗ್ ಓದುವಾಗಲೂ ಯಾರೂ ಹೇಳಲಿಲ್ಲ.

ಕೊಟ್ಟಿಗೆಯ ಆ ನಾಲ್ಕು ಕತ್ತಿಗಳನ್ನು ಮಾಡಿದ್ದು ನಮ್ಮೂರಿನ ಕುಲುಮೆಯಲ್ಲೇ. ಚಿಕ್ಕವನಿದ್ದಾಗ ತಿದಿ ಒತ್ತೋಕೆ ಅಂತ ಅಲ್ಲಿ ಹೋಗಿ ಕೂರುತ್ತಿದ್ದೆ. ಕಬ್ಬಿಣದ ಕೆಂಪು ನೋಡಿಯೇ ಇದು ಆಯ್ತು, ಇದು ಇನ್ನೂ ಇಲ್ಲ ಅಂತ ಹೇಳುತ್ತಿದ್ದ ಆ ಮಾವ ಈಗಿಲ್ಲ. ಅವರ ಮಗ ತಾಲ್ಲೂಕಿನಲ್ಲಿ ವೆಲ್ಡಿಂಗ್ ಶಾಪ್ ಇಟ್ಟಿದ್ದಾನೆ, ಚೆನ್ನಾಗಿದ್ದಾನೆ. ಅವನು ಕುಲುಮೆ ಬಿಟ್ಟಿದ್ದು ತಪ್ಪು ಅಂತ ಹೇಳೋಕೆ ನಾನ್ಯಾರು? ನಾನೂ ಗದ್ದೆ ಬಿಟ್ಟು ಲ್ಯಾಪ್‌ಟಾಪ್ ಹಿಡಿದವನೇ. ಬಳಕೆ ಹೋದ ಮೇಲೆ ಕಸುಬು ತಾನಾಗೇ ಉಳಿಯಲ್ಲ. ಯಾರಾದರೂ ಕೂತು, ಇದು ಉಳಿಯಬೇಕು ಅಂತ ನಿರ್ಧರಿಸಿ, ಅದಕ್ಕೆ ಕಾನೂನು, ದುಡ್ಡು, ಇದ್ದಿಲು, ಶಿಷ್ಯರು ಎಲ್ಲವನ್ನೂ ಒದಗಿಸಬೇಕಾಗುತ್ತೆ.

ಹೋಗುವವರಿಗೆ

ಸೋಮವಾರ ಸಾಮಾನ್ಯವಾಗಿ ರಜೆ. ಒಂದು ಪ್ರದರ್ಶನ ಮುಗಿದು ಇನ್ನೊಂದು ಶುರುವಾಗುವ ನಡುವೆಯೂ ಮುಚ್ಚಿರುತ್ತಾರೆ. ಹಾಗಾಗಿ ಹೊರಡುವ ಮುಂಚೆ ವೆಬ್‌ಸೈಟ್ ನೋಡಿ. ನಾನು ಹೋದಾಗ ಟಿಕೆಟ್ 1000 ಯೆನ್ ಇತ್ತು. ಕತ್ತಿಗಳನ್ನು ಬದಲಿಸುತ್ತಾ ಇರುತ್ತಾರೆ, ಇಂಥದ್ದೇ ಕಾಣುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಮೂರನೇ ಮಹಡಿಯ ಹೊರಗಿನ ಟೆರೇಸ್ ತಪ್ಪಿಸಬೇಡಿ. ಕೆಳಗೆ ಯಾಸುದಾ ತೋಟದ ಕೊಳ ಪೂರ್ತಿ ಕಾಣುತ್ತೆ. ನಾಲ್ಕು ಹೆಜ್ಜೆ ದೂರದ ಯೊಕೊಅಮಿಚೊ ಪಾರ್ಕಿನಲ್ಲಿ 1923ರ ಭೂಕಂಪದ ಬೆಂಕಿಯಲ್ಲಿ, 1945ರ ಬಾಂಬ್ ದಾಳಿಯಲ್ಲಿ ಸತ್ತವರ ಸ್ಮಾರಕ ಇದೆ. ಕತ್ತಿ ನೋಡಿದ ಮೇಲೆ ಅಲ್ಲೂ ಐದು ನಿಮಿಷ ನಿಂತು ಬನ್ನಿ.

ಜಪಾನಿಗೆ ಹೋಗದವರಿಗೂ ಒಂದು ಕೆಲಸ ಇದೆ. ಈ ಸಲ ಆಯುಧಪೂಜೆಗೆ ಕಾರು, ಲ್ಯಾಪ್‌ಟಾಪ್‌ಗೆ ಕುಂಕುಮ ಇಡುವಾಗ ಮನೆಯ ಹಳೇ ಮಚ್ಚು, ಕುಡುಗೋಲನ್ನೂ ಕೆಳಗಿಳಿಸಿ. ಯಾವ ಊರಿನ ಕುಲುಮೆಯದು, ಯಾರು ಮಾಡಿದ್ದು ಅಂತ ಮನೆಯ ಹಿರಿಯರನ್ನು ಕೇಳಿ. ಗೊತ್ತಿದ್ದರೆ ಒಂದು ಚೀಟಿಯಲ್ಲಿ ಹೆಸರು, ಊರು ಬರೆದು ಹಿಡಿಗೆ ಕಟ್ಟಿಡಿ. ಆ ಕುಲುಮೆ ಇನ್ನೂ ಉರಿಯುತ್ತಿದ್ದರೆ, ಮುಂದಿನ ಸಲ ತೆಂಗಿನಕಾಯಿ ಒಡೆಯೋ ಕತ್ತಿಯನ್ನು ಆನ್‌ಲೈನ್‌ನಲ್ಲಿ ಆರ್ಡರ್ ಮಾಡದೆ ಅಲ್ಲೇ ಮಾಡಿಸಿ.